ಕೊರ್ವಿನಾ ಮೀನಿನ ಹರಳು

ಗ್ರಾಸಾ,

ಮೂರು ಗಂಟೆಗೆ ದೋಣಿಗಳ ಎಂಜಿನ್ ಸದ್ದು ಎಬ್ಬಿಸಿತು. ಮಗುವಿನ ಮೂಗಿನ ಬಳಿ ಎರಡು ಸಲ ಬೆರಳಿಟ್ಟು ಉಸಿರು ನೋಡಿ ಬರೆಯಲು ಕೂತೆ.

ನಿನ್ನೆ ಕೊರ್ವಿನಾ ಮೀನಿನ ಮೂಳೆಯ ಪ್ರೋಟೀನು ಕೊನೆಗೂ ಹರಳುಗಟ್ಟಿತು! ಅದು ಕ್ಯಾಲ್ಸಿಯಂ ಅನ್ನು ಹೇಗೆ ಹಿಡಿದುಕೊಳ್ಳುತ್ತದೆಂದು ಇನ್ನು ಎಕ್ಸ್-ರೇಯಲ್ಲಿ ನೋಡಬಹುದು. ನೀನು ಹೇಳುತ್ತಿದ್ದಂತೆ ಮೂಳೆಗಳನ್ನು ತಣ್ಣೀರಿನಲ್ಲೇ ಕೆರೆದೆ.

ಮೀನು ಮಾರುವ ಎರ್ಮೀನಿಯಾ, "ಬರೀ ಮೂಳೆ ಒಯ್ತೀಯಲ್ಲೇ, ಗಂಡಂಗೆ ಸಾರೇ ಗತಿನಾ? ಜೊತೆಗೆ ಬರ್ತಿದ್ದ ನಿನ್ನ ಗೆಳತಿ ಎಲ್ಲೇ?" ಅಂದಳು. "ಬರ್ತಾಳೆ" ಅಂದುಬಿಟ್ಟೆ.

ನಾವಿಬ್ಬರೂ ಒಂದೇ ಲ್ಯಾಬಿನಲ್ಲಿದ್ದ ಆ ವರ್ಷ, ಮೂಳೆಗೆ ಅಂಟಿದ ಮಾಂಸ ಬಿಟ್ಟುಬರಲೆಂದು ಅಡುಗೆಮನೆಯವರ ಹಾಗೆ ಮೂಳೆ ಕುದಿಸಿ ಪ್ರೋಟೀನು ಕೆಡಿಸಿದವಳು ನಾನು. ಅದು ನಿನ್ನ ತಪ್ಪೆಂದು ಪ್ರೊಫೆಸರ್ ನಿನ್ನನ್ನು ಬೈದು ಲ್ಯಾಬಿನಿಂದಲೇ ಕಳಿಸಿದಾಗ ನಾನು ಪಾತ್ರೆ ತೊಳೆಯುತ್ತಿದ್ದೆ.

ಬೆಳಗ್ಗೆ ಒಂಬತ್ತಕ್ಕೆ ಈ ಹರಳಿನ ಲೇಖನ ಬರೆದವರ ಹೆಸರುಗಳು ಪತ್ರಿಕೆಗೆ ಹೋಗುತ್ತವೆ. ನಿನ್ನದನ್ನು ಮೊದಲು ಬರೆದಿದ್ದೇನೆ, ನೀನು ಒಪ್ಪಬೇಕು. ನಿನ್ನ ವಿಳಾಸ, ನಂಬರ್ ಯಾವುದೂ ನನ್ನಲ್ಲಿಲ್ಲ, ಈ ಕಾಗದ ಎಲ್ಲಿಗೆ ಕಳಿಸಲೆಂದೂ ಗೊತ್ತಿಲ್ಲ. ನನ್ನ ನಂಬರ್ ಅದೇ ಇದೆ. ಬೆಳಗಾಗುವುದರೊಳಗೆ ಒಂದು ಸಲ ಫೋನ್ ಮಾಡೇ, ದಮ್ಮಯ್ಯ.