ನಲ್ಲಿಯಿಂದ ದೂರದ ಕೊಡ

6 ಜೂನ್ 1983, ಸೋಮವಾರ

ಇವತ್ತೂ ನೀರಿಲ್ಲ. ಕೊಡ ಸಾಲಿನಲ್ಲಿಟ್ಟು ಬಂದು, ನಿನ್ನೆ ಉಳಿಸಿದ್ದ ಚೊಂಬು ನೀರಲ್ಲಿ ಕಾಫಿ ಮಾಡಿಕೊಂಡೆ. ಸ್ಕೂಲು ಶುರು. ಈ ವರ್ಷವೂ ಒಂದನೇ ಕ್ಲಾಸು ನನ್ನ ತಲೆಗೇ ಕಟ್ಟಿದ್ದಾರೆ. ಅಳುವ ಮಕ್ಕಳನ್ನು ಸುಧಾರಿಸೋಕೆ ಮನೇಲಿ ಮಕ್ಕಳಿಲ್ಲದವಳೇ ಸರಿ ಅಂತ ಹೆಡ್‌ಮಿಸ್ ಎಣಿಕೆ ಇರಬೇಕು. ವಿಜಯನಗರದಿಂದ ಬಾಪೂಜಿನಗರದ ತನಕ ನಡೆದೇ ಬಂದೆ. ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ.

ಸಂಜೆ ಇಂದ್ರಮ್ಮ ಬಂದಳು. ದಿನವೆಲ್ಲ ಊದುಬತ್ತಿ ಹೊಸೆದ ಕೈ, ಎಷ್ಟು ತೊಳೆದರೂ ಕಪ್ಪು ಹೋಗಲ್ಲ. ಕಾರ್ಪೊರೇಷನ್ ಎಲೆಕ್ಷನ್ ಅಂತೂ ಗ್ಯಾರಂಟಿಯಂತೆ. ನಮ್ಮ ನೀರಿನ ಸಮಿತಿಯಿಂದ ಅವಳನ್ನ ಇಂಡಿಪೆಂಡೆಂಟ್ ಆಗಿ ನಿಲ್ಲಿಸಬೇಕು ಅನ್ನೋದು ನನ್ನ ಹಳೇ ಹಠ. "ನೀವು ಬರೀರಿ ಟೀಚರಮ್ಮ, ನಾನು ಕೂಗ್ತೀನಿ" — ಮೊದಲಿಂದಲೂ ಇದೇ ಒಪ್ಪಂದ. ಅರ್ಜಿ ನಂದು, ಗಂಟಲು ಅವಳದು. ಅಮ್ಮ ಹೋದಮೇಲೆ ಈ ಮನೆ ಹೊಸಲು ದಾಟಿ ಒಳಗೆ ಬರುವವಳು ಇವಳೊಬ್ಬಳೇ. ಅದನ್ನ ಅವಳಿಗೆ ಯಾವತ್ತೂ ಹೇಳಿಲ್ಲ.

9 ಜೂನ್

ಗುರುಸಿದ್ದಯ್ಯ ಬಂದಿದ್ದರು. ವಾರ್ಡಿನ ಪಾರ್ಟಿ ಅಧ್ಯಕ್ಷರು. ಸ್ಕೂಟರನ್ನ ನಲ್ಲಿಕಟ್ಟೆಗೇ ಒರಗಿಸಿ ಶುರುಮಾಡಿದರು.

"ನೋಡಮ್ಮ, ನೀವು ಆಚೆ ನಿಂತ್ಕೊಂಡು ಬಾಗಿಲು ಬಡೀತಾ ಇದೀರ. ಒಳಗೇ ಬಂದ್ಬಿಡಿ. ಸಮಿತಿ ಪಾರ್ಟಿಗೆ ಸೇರ್ಲಿ, ಟಿಕೆಟ್ ಇಂದ್ರಮ್ಮಂಗೇ. ಮನೆಮನೆಗೆ ನಲ್ಲಿ ಹಾಕಿಸೋದು ನನ್ನ ಜವಾಬ್ದಾರಿ."

"ನಿಮ್ಮ ಪಾರ್ಟಿ ಆಫೀಸ್ ಮುಂದೇನೇ ನಾವು ಖಾಲಿ ಕೊಡ ಬಡಿದಿದ್ದು," ಅಂದೆ.

"ಕೇಳಿಸ್ತು. ಅದಕ್ಕೇ ಬಂದಿದೀನಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಇಂದ್ರಮ್ಮ ನಗಲಿಲ್ಲ, ಯೋಚನೆ ಮಾಡ್ತಿದ್ದಳು. ನನಗೆ ಹೆದರಿಕೆಯಾದದ್ದು ಅದಕ್ಕೇ.

ಮನೆಗೆ ಬಂದಮೇಲೆ ಜಟಾಪಟಿ. "ಒಬ್ಳೇ ಗೆದ್ದೋಗಿ ಅಲ್ಲಿ ಮೂಲೇಲಿ ಕೂತ್ಕೊಂಡು ಏನ್ ಮಾಡ್ಲಿ? ಯಾರ್ ಕೇಳ್ತಾರೆ?" ಅಂದಳು. ಪಾರ್ಟಿಗೆ ಹೋದರೆ ನಿನ್ನ ಗಂಟಲೂ ಅವರದೇ ಆಗುತ್ತೆ ಅಂದೆ. ಕೊನೆಗೆ, ಭಾನುವಾರ ಕೊಡ ಇಟ್ಟು ತೀರ್ಮಾನ ಮಾಡೋಣ ಅಂತ ನಾನೇ ಹೇಳಿದೆ.

ನಮ್ಮ ಸಮಿತಿಯಲ್ಲಿ ಕೈ ಎತ್ತಿಸಲ್ಲ. ಅತ್ತೆ ನೋಡ್ತಾಳೆ, ಗಂಡ ನೋಡ್ತಾನೆ ಅಂತ ಯಾರೂ ಎತ್ತಲ್ಲ. ಅದರ ಬದಲು ಗೆರೆ ಎಳೆದು, ಒಪ್ಪಿದವರು ಒಂದು ಕಡೆ ಕೊಡ ಇಡೋದು, ಒಪ್ಪದವರು ಇನ್ನೊಂದು ಕಡೆ. ಮನೇಲಿ ಕೇಳಿದರೆ ನೀರಿಗೆ ಇಟ್ಟಿದ್ದೆ ಅಂದರಾಯ್ತು. ಸಾಲಿನಲ್ಲಿ ಕೊಡ ಇದ್ದರೆ ಆಸಾಮಿಯೇ ಇದ್ದ ಹಾಗೆ, ಇನ್ನೊಬ್ಬರು ಮುಟ್ಟಲ್ಲ.

12 ಜೂನ್, ಭಾನುವಾರ

ನನ್ನ ಬುದ್ಧಿಗೆ ಏನು ಮಂಕು ಕವಿದಿತ್ತೋ. ಸೀಮೆಸುಣ್ಣದಲ್ಲಿ ಗೆರೆ ಎಳೆದವಳು ನಾನೇ. ನಲ್ಲಿ ಕಡೆ ಪಾರ್ಟಿ, ಮೋರಿ ಕಡೆ ಇಂಡಿಪೆಂಡೆಂಟ್ ಅಂತ ಹೇಳಿದವಳೂ ನಾನೇ. ವಾರದಿಂದ ನೀರು ಕಂಡಿಲ್ಲ. ಇವತ್ತು ಬಿಡ್ತಾರೆ ಅಂತ ಸುದ್ದಿ ಬೇರೆ. ಯಾವ ಹೆಂಗಸು ತಾನೇ ಕೊಡವನ್ನು ನಲ್ಲಿಯಿಂದ ದೂರ ಇಡ್ತಾಳೆ...

ಹೊತ್ತು ಹುಟ್ಟುವಾಗ ನಲ್ಲಿ ಕಡೆ ಕಾಲಿಡೋಕೆ ಜಾಗವಿಲ್ಲ. ಮೋರಿ ಕಡೆ ಒಂದೇ ಕೊಡ. ಅಮ್ಮನ ಹಿತ್ತಾಳೆ ಕೊಡ, ನಂದು.

ಸಮಿತಿ ಮುಂದಾಳು ಕೊನೇಲಿ ಇಡಬೇಕು ಅನ್ನೋದು ನಮ್ಮ ರೂಢಿ. ಇಂದ್ರಮ್ಮ ಅವಳ ಅಲ್ಯೂಮಿನಿಯಂ ಕೊಡ ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ನೀರಿನ ಆಫೀಸಿನ ಗೇಟಿಗೆ ಬಡಿದು ನೆಗ್ಗಿಹೋದ ಕೊಡ. ನನ್ನ ಕಡೆ ನೋಡಿದಳು. ಆಮೇಲೆ ಬಗ್ಗಿ ನಲ್ಲಿ ಕಡೆ ಇಟ್ಟಳು.

ಗೆರೆ ಎಳೆದದ್ದೇ ತಪ್ಪು, ಇನ್ನೊಂದು ದಿನ ಇಡೋಣ ಅಂದೆ. ಮೋರಿ ಪಕ್ಕದ ಹಿಂದಿನ ಸಾಲು ಮನೆಗಳ ರಾಮಮ್ಮ, "ಸೋತ್ಮೇಲೆ ಗೆರೆ ಅಳಿಸ್ಬಾರ್ದು ಟೀಚರಮ್ಮ," ಅಂದಳು. ಇಂದ್ರಮ್ಮ ಮೆಲ್ಲಗೆ ಹೇಳಿದಳು, "ನೀರು ಹತ್ರ ಇರೋ ಕಡೆ ತಾನೇ ಕೊಡ ಇಡೋದು? ಅದ್ರಲ್ಲಿ ತಪ್ಪೇನಿದೆ?"

ನೀರು ಬಂತು, ನನ್ನ ಸರದಿ ಬರುವಷ್ಟರಲ್ಲಿ ನಿಂತೂ ಹೋಯ್ತು.

14 ಜೂನ್

ಇಬ್ಬರಿಗಾಗುವಷ್ಟು ಹಾಲು ಕಾಯಿಸಿದ್ದೆ. ಬರಲಿಲ್ಲ.

26 ಜೂನ್, ಭಾನುವಾರ

ಮೈಸೂರು ರಸ್ತೆಯಲ್ಲಿ ಲಾರಿ. ತುಂಬಾ ನಮ್ಮ ಹೆಂಗಸರು, ಯಾವುದೋ ಸಭೆಗೆ. ಮುಂದೆ ಇಂದ್ರಮ್ಮ, ಹೆಗಲ ಮೇಲೆ ಪಾರ್ಟಿ ಶಾಲು. ಕೈ ಬೀಸಿದಳು. ಬಸ್ ಬೋರ್ಡ್ ಓದುವವಳ ಹಾಗೆ ಆಚೆ ತಿರುಗಿದೆ. ಬಸ್ಸೇ ಇರಲಿಲ್ಲ ಅಲ್ಲಿ.

ಟಿಕೆಟ್ ಗುರುಸಿದ್ದಯ್ಯನ ತಮ್ಮನ ಹೆಂಡತಿಗಂತೆ. ಇಂದ್ರಮ್ಮ ಮಹಿಳಾ ಘಟಕದ ಅಧ್ಯಕ್ಷೆಯಂತೆ — ಅಂದರೆ ಲಾರಿ ತುಂಬಿಸುವ ಕೆಲಸ. ಕೇಳಿದ ಕೂಡಲೇ ಖುಷಿಯಾಯ್ತು, ಸುಳ್ಳು ಯಾಕೆ ಬರೀಲಿ. ಆಮೇಲೆ ಅನ್ನಿಸಿತು: ಅವಳಿಗೆ ಬೇಜಾರಾಗಿರುತ್ತೆ, ಯಾರ ಹತ್ತಿರ ಹೇಳಿಕೊಂಡಳೋ.

ನಾನು ಈಗಲೂ ಮೋರಿ ಕಡೆಗೇ ಕೊಡ ಇಡ್ತೀನಿ. ಗೆರೆ ಅಳಿಸಿಹೋಗಿದೆ, ಜಾಗ ಗೊತ್ತಲ್ಲ. ಕೊನೇ ಸರದಿ, ತಳದಲ್ಲಿ ನಾಲ್ಕು ಹನಿ. "ಹಟಮಾರಿ ಮುದುಕಿ" ಅಂತ ಯಾರೋ ಅಂದರು. ಮುದುಕಿ ಅಂದದ್ದಕ್ಕೆ ಮಾತ್ರ ಬೇಜಾರಾಯ್ತು.

3 ಜುಲೈ

ಪೈಪು ಬಂತು. ಅಗೆದರು, ಹೂತರು, ಮುಂದಿನ ಬೀದಿಯಲ್ಲೆಲ್ಲ ಮನೆಮನೆಗೆ ನಲ್ಲಿ. ನನ್ನ ವಠಾರಕ್ಕೂ, ಇಂದ್ರಮ್ಮನ ಮನೆಗೂ. ವರ್ಷಗಟ್ಟಲೆ ನಾನು ಬರೆದ ಅರ್ಜಿಯಿಂದ ಆಗದ್ದು ಅವಳು ಒಳಗೆ ಹೋಗಿ ಮಾಡಿಸಿದಳು. ಒಪ್ಪಲೇಬೇಕು. ಗಂಟಲಲ್ಲಿ ಇಳಿಯದಿದ್ದರೂ ಒಪ್ಪಬೇಕು.

ಮೋರಿ ಪಕ್ಕದ ಹಿಂದಿನ ಸಾಲಿಗೆ ಮಾತ್ರ ಇಲ್ಲ. ಅವರ ಪೈಪು ಮೂಲೆಯಲ್ಲಿ ಪೇರಿಸಿಟ್ಟಿದ್ದಾರೆ. ಎಲೆಕ್ಷನ್ ಆದಮೇಲಂತೆ.

ಸಂಜೆ ವಠಾರದ ನಲ್ಲಿಯಲ್ಲಿ ನೀರು ಹಿಡಿದೆ. ಕೊಡ, ಬಕೆಟ್ಟು, ಅಮ್ಮನ ಹಂಡೆ, ಎಲ್ಲ ತುಂಬಿತು. ಸಾಲಿಲ್ಲ, ಜಗಳವಿಲ್ಲ, "ಟೀಚರಮ್ಮ, ನಿಮ್ಮದು ತುಂಬ್ತು ತಗೊಳ್ಳಿ" ಅನ್ನೋರಿಲ್ಲ. ಇದಕ್ಕೇ ತಾನೇ ಹೊಡೆದಾಡಿದ್ದು. ನೀರು ಚೆಲ್ಲಿ ಕಾಲಡಿ ಬಂದರೂ ನಲ್ಲಿ ನಿಲ್ಲಿಸೋದು ಮರೆತು ನಿಂತಿದ್ದೆ.

5 ಜುಲೈ

ನಾಮಿನೇಷನ್ ಫಾರಂ ತಂದೆ. ನಾನೇ ನಿಲ್ಲೋದು ಅಂತ. ನಮ್ಮದು ಖಾಸಗಿ ಸ್ಕೂಲು, ಟೀಚರು ನಿಲ್ಲೋಕೆ ಅಡ್ಡಿಯಿಲ್ಲ. ಹಿಂದಿನ ಸಾಲಿನ ಪರವಾಗಿ ಒಬ್ಬರಾದರೂ ಬಾಯಿ ತೆರೀಬೇಕಲ್ಲ. ಸೂಚಕರು ಅಂತ ವಾರ್ಡಿನ ಒಬ್ಬ ಓಟರ್ ಸಹಿ ಬೇಕು. ಒಬ್ಬರು, ಅಷ್ಟೇ.

ರಾಮಮ್ಮ ಫಾರಂ ಕಡೆ ಹಾವು ಕಂಡವಳ ಹಾಗೆ ನೋಡಿದಳು. "ಇಟ್ಟಿರೋ ಪೈಪೂ ಹೋಗ್ಬಿಟ್ರೆ?" ಮಿಕ್ಕವರೂ ಅದನ್ನೇ ಅಂದರು.

ಮಾನ ಬಿಟ್ಟು ಇಂದ್ರಮ್ಮನ ಮನೆಗೆ ಹೋದೆ. ಅವಳ ಗಂಡ ಅಂಜಿನಯ್ಯ ಚಾಪೆ ಹಾಸಿ, ಬೀಡಿ ನೆಪ ಮಾಡಿ ಆಚೆ ಹೋದ. ಇಂದ್ರಮ್ಮ ಮಣೆ ಮುಂದೆ ಕೂತು ಕಡ್ಡಿ ಹೊಸೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಬೇರೆ ಏನಾದ್ರೂ ಕೇಳಿ ಟೀಚರಮ್ಮ. ಹಿಂದಿನ ಸಾಲಿಗೂ ಹಾಕಿಸ್ತೀನಿ ಅಂತ ಅವ್ರಿಗೆ ಮಾತು ಕೊಟ್ಟಿದೀನಿ. ಈಗ ಬಾಯಿ ಬಿಟ್ರೆ ಅದೂ ಹೋಗುತ್ತೆ."

"ಮುಚ್ಚಿಕೊಂಡಿದ್ರೆ ಬರುತ್ತಾ?"

ಇನ್ನೊಂದು ಕಡ್ಡಿ ಹೊಸೆದು ಪಕ್ಕಕ್ಕಿಟ್ಟು, "ಊಟ ಆಯ್ತಾ?" ಅಂದಳು. ಆಯ್ತು ಅಂದೆ. ಆಗಿರಲಿಲ್ಲ.

7 ಜುಲೈ

ನಾಳೆ ಕೊನೇ ದಿನ, ಮೂರು ಗಂಟೆ ತನಕ. ಫಾರಂ ಕಾಫಿಪುಡಿ ಡಬ್ಬದ ಕೆಳಗೆ ಇಟ್ಟಿದ್ದೀನಿ. ಒಲೆ ಹಚ್ಚೋಕಾದರೂ ಆಗುತ್ತೆ. ಈ ಊರಲ್ಲಿ ನನಗೆ ಒಂದು ಸಹಿ ಹಾಕುವವರಿಲ್ಲ.

8 ಜುಲೈ, ಶುಕ್ರವಾರ, ಬೆಳಿಗ್ಗೆ

ಸ್ಕೂಲಿಗೆ ರಜಾ ಚೀಟಿ ಕಳಿಸಿದೆ. ನಡೆದದ್ದು ನಡೆದ ಹಾಗೆ ಬರೀಬೇಕು.

ಬೆಳಕು ಹರಿಯುವಾಗ ಅಭ್ಯಾಸಬಲ, ಹಿತ್ತಾಳೆ ಕೊಡ ಎತ್ತಿಕೊಂಡು ಬೀದಿ ನಲ್ಲಿಗೇ ಹೋದೆ. ಮನೇಲಿ ನಲ್ಲಿ ಇದ್ದೂ. ಹಿಂದಿನ ಸಾಲಿನವರ ಕೊಡ ಮಾತ್ರ ಇದ್ದವು. ನನ್ನದನ್ನ ಮೋರಿ ಕಡೆ ಇಟ್ಟು ಬಂದೆ. ಕಾಫಿ ಕುಡಿದು ತಿರುಗಿ ಹೋಗಿ ನೋಡಿದರೆ ಪಕ್ಕದಲ್ಲಿ ಇನ್ನೊಂದು ಕೊಡ. ನೆಗ್ಗಿದ ಅಲ್ಯೂಮಿನಿಯಂ ಕೊಡ.

ಇಂದ್ರಮ್ಮ ಕಟ್ಟೆ ಮೇಲೆ ಕೂತಿದ್ದಳು. ಶಾಲಿಲ್ಲ.

"ನಿನ್ನೆ ಸಾಯಂಕಾಲ ಪೈಪೆಲ್ಲ ಲಾರಿಗೆ ಹಾಕ್ಕೊಂಡು ಬೇರೆ ವಾರ್ಡಿಗೆ ಹೊತ್ಕೊಂಡೋದ್ರು," ಅಂದಳು. "ಗುರುಸಿದ್ದಯ್ಯನೋರ್ನ ಕೇಳ್ದೆ. ನಿಮ್ಮನೇಗೆ ಬಂತಲ್ಲಮ್ಮ, ಇನ್ನೇನು ಅಂದ್ರು."

ನೋಡಿದೆಯಾ ನಾನು ಹೇಳಿರಲಿಲ್ಲವಾ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಪುಣ್ಯಕ್ಕೆ ಅನ್ನಲಿಲ್ಲ.

"ಪಾರ್ಟಿ ನಾನಾಗೇ ಬಿಡಲ್ಲ ಟೀಚರಮ್ಮ. ಅರ್ಧ ನೀರು ಅಲ್ಲಿಂದ್ಲೇ ಬಂದಿದ್ದು. ಬೇಕಾದ್ರೆ ಅವ್ರೇ ಓಡಿಸ್ಲಿ. ಸಹಿ ಎಲ್ಲಿ ಹಾಕ್ಬೇಕು ತೋರ್ಸಿ."

ಮನೆಗೆ ಕರೆದುಕೊಂಡು ಬಂದೆ. ಅವಳಿಗೆ ಸಹಿ ಹಾಕೋದು ಕಲಿಸಿದ್ದು ನಾನೇ, ಇದೇ ಮನೇಲಿ, ಒಂದನೇ ಕ್ಲಾಸಿನ ಸ್ಲೇಟಿನ ಮೇಲೆ.

ಈಗ ಬಚ್ಚಲಲ್ಲಿ ಕೈ ತೊಳೀತಿದ್ದಾಳೆ. ಫಾರಂಗೆ ಕಪ್ಪು ಹತ್ತಬಾರದಂತೆ, ಸೋಪು ಹಾಕಿ ಉಜ್ಜುತ್ತಲೇ ಇದ್ದಾಳೆ. ಹಾಲು ಒಲೆ ಮೇಲಿದೆ, ಇಬ್ಬರಿಗೆ. ಸಾಕು ಬಾರೇ ಅಂತ ಕೂಗಿದೆ. ಇಷ್ಟು ವರ್ಷದಲ್ಲಿ ಬಾರೇ ಅಂದದ್ದು ಇದೇ ಮೊದಲು. ಹತ್ತಿದರೆ ಹತ್ತಲಿ ಕಣೇ, ಆ ಕಪ್ಪು ಇಲ್ಲದಿದ್ದರೆ ಅದು ನಿನ್ನ ಸಹಿ ಅಂತ ಯಾರು ನಂಬ್ತಾರೆ?