ಉಪವಾಸದ ಬೆಳಗಿನ ಸೆರಸಿ ಕಷಾಯ

ಕಿಂಗ್‌ಸ್ಟನ್
ಅಕ್ಟೋಬರ್ ೧೪, ಸೋಮವಾರ

ಪ್ರೀತಿಯ ಅಜ್ಜಿ,

ನಿನ್ನ ಡೆಲ್ರೋಸ್ ಮಾಡುವ ವಂದನೆಗಳು. ನಿನ್ನ ಕಾಗದ ಬಂದು ತಿಂಗಳಾದರೂ ಉತ್ತರ ಬರೆಯಲಿಲ್ಲ ಅಂತ ಬೈಯಬೇಡ. ಮೊದಲು ಟೆಸ್ಟ್ ಇತ್ತು, ಆಮೇಲೆ ಮಾರ್ಕ್ಸಿನ ಟೆನ್ಷನ್. ಪಾಸಾದೆ. ಆದರೆ ಈಗ ಕೂತು ಬರೆಯುತ್ತಿರುವುದು ಆ ಸುದ್ದಿಗಲ್ಲ. ಬುಧವಾರದ ಉಪವಾಸದ ಪ್ರಾರ್ಥನೆಗೆ ಹೋದಾಗಲೆಲ್ಲ ನಿನಗೆ ಕೈ ನಡುಗಿ, ಬೆವರು ಕಿತ್ತುಬಂದು, ಚರ್ಚಿನ ಮೆಟ್ಟಿಲ ಮೇಲೆ ಕುಸಿಯುತ್ತೀಯಲ್ಲ, ಅದು ಯಾಕೆ ಅಂತ ನನಗೆ ಗೊತ್ತಾಗಿಹೋಗಿದೆ ಅಜ್ಜಿ! ಅದು ಗ್ಯಾಸ್ ಅಲ್ಲವೇ ಅಲ್ಲ.

ಫೋನು ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕಿ ಅಂಗಡಿ ಕಟ್ಟೆಯಲ್ಲಿ ಕೂತವರಿಗೆಲ್ಲ ಕೇಳಿಸುತ್ತೀಯ. ಅದಕ್ಕೇ ನಾಳೆ ಬೆಳಿಗ್ಗೆ ಬಸ್ ಓಡಿಸುವ ಲಿನ್‌ವಲ್ ಮಾಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಒಬ್ಬಳೇ ಕೂತು ಓದು.

ಶನಿವಾರ ಇಲ್ಲಿನ ಒಂದು ಚರ್ಚಿನ ಅಂಗಳದಲ್ಲಿ ನಮ್ಮ ಕಾಲೇಜಿನವರು ಆರೋಗ್ಯ ಶಿಬಿರ ಹಾಕಿದ್ದರು. ಫಸ್ಟ್ ಇಯರ್‌ನವರಿಗೆ ಕುರ್ಚಿ ಜೋಡಿಸುವ ಕೆಲಸ, ಬೆರಳು ಚುಚ್ಚಿ ಶುಗರ್ ನೋಡುವ ಕೆಲಸ. ಮೊದಲ ಬೆರಳು ಚುಚ್ಚುವ ಮುಂಚೆ ನಾನು ಎರಡು ಸಲ ಸೂಜಿ ಕೆಳಗಿಟ್ಟದ್ದು ನೋಡಿ ಎದುರಿಗೆ ಕೂತ ಮನುಷ್ಯ ನನಗೇ ಧೈರ್ಯ ಹೇಳಿದ. ಆದರೂ ಬಿಳಿ ಕೋಟು ಕಂಡರೆ ಜನ ಬಿಡುತ್ತಾರೆಯೇ? ಒಬ್ಬಳಿಗೆ ಕೂದಲು ಉದುರುವುದಕ್ಕೆ ಮದ್ದು ಬೇಕು, ಇನ್ನೊಬ್ಬನಿಗೆ ಹೆಂಡತಿಯ ಗೊರಕೆ ನಿಲ್ಲಬೇಕು. ಯಾರೋ ‘ಡಾಕ್ಟರಮ್ಮ’ ಎಂದಾಗ, ಯಾರನ್ನು ಕರೆಯುತ್ತಿದ್ದಾರೆ ಅಂತ ಹಿಂದೆ ತಿರುಗಿ ನೋಡಿದೆ.

ಅಷ್ಟರಲ್ಲಿ ಒಳಗೆ ಉಪವಾಸದ ಪ್ರಾರ್ಥನೆ ಮುಗಿಸಿ ಬಂದ ಮಿಸ್ ಪರ್ಲೀನ್ ಎಂಬ ಮುದುಕಿ ಸಾಲಿನಲ್ಲೇ ತೂರಾಡಿದರು. ಥೇಟ್ ನಿನ್ನ ಹಾಗೆ! ಹ್ಯಾಟು ಓರೆಯಾಗಿದೆ, ಮೈಯೆಲ್ಲ ಬೆವರು, ಆದರೂ ಯಾರೂ ಕೈ ಹಿಡಿಯಕೂಡದು. ಸುತ್ತ ಇದ್ದವರೆಲ್ಲ ವೈದ್ಯರೇ ಆಗಿಬಿಟ್ಟರು. ಗ್ಯಾಸ್ ತಲೆಗೇರಿದೆ ಎಂದರು, ಇಲ್ಲ ಭುಜಕ್ಕಿಳಿದಿದೆ ಎಂದರು. ಒಬ್ಬಾಕೆ ಚೀಲದಿಂದ, ನೀನು ತಲೆನೋವಿಗೆ ಹಚ್ಚಿಕೊಳ್ಳುತ್ತೀಯಲ್ಲ, ಅದೇ ಬೇ ರಮ್ ಬಾಟಲಿ ತೆಗೆದು ಹಣೆಗೆ ತಿಕ್ಕತೊಡಗಿದಳು. ನಾನು ಬೆರಳು ಚುಚ್ಚಿದೆ. ಶುಗರ್ ಪಾತಾಳಕ್ಕಿಳಿದಿತ್ತು.

ನಮ್ಮ ಡಾಕ್ಟರ್ ಹಿಲ್ಟನ್ ಓಡಿಬಂದು ಸಕ್ಕರೆ ನೀರು ಕುಡಿಸಿದರು. ಆಕೆ ಸ್ವಲ್ಪ ಚೇತರಿಸಿಕೊಂಡ ಮೇಲೆ, ಬೆಳಿಗ್ಗೆ ಏನು ತೆಗೆದುಕೊಂಡಿದ್ದಿರಿ ಎಂದು ಕೇಳಿದರು. ಶುಗರ್ ಮಾತ್ರೆ ಬಿಟ್ಟರೆ ಏನೂ ಇಲ್ಲ ಎಂದರು ಮಿಸ್ ಪರ್ಲೀನ್. ಆ ‘ಏನೂ ಇಲ್ಲ’ ನನಗೆ ಗೊತ್ತು, ನಾನು ಬೇಲಿಯ ಕಹಿ ಬಳ್ಳಿ ಕುದಿಯುವ ನಿನ್ನ ಅಡುಗೆಮನೆಯಲ್ಲಿ ಬೆಳೆದವಳು. ಬಾಯಿಂದ ಬಂದೇಬಿಟ್ಟಿತು.

“ಸೆರಸಿ ಕುಡಿದ್ರಾ, ಮಿಸ್ ಪರ್ಲೀನ್?”

“ಕುಡೀದೆ ಇರ್ತೀನಾ ಮಗಾ? ರಕ್ತ ತೊಳೀಬೇಕಲ್ಲ. ಲೋಟದ ತುಂಬ ಕುಡ್ದೆ.”

“ಮತ್ತೆ ಏನೂ ತಗೊಂಡಿಲ್ಲ ಅಂದ್ರಿ?”

“ಕಹಿ ಕುಡಿದ್ರೆ ಉಪವಾಸ ಮುರಿಯುತ್ತಾ? ಹಾಲಿಲ್ಲ, ಸಕ್ಕರೆ ಇಲ್ಲ. ನಿಂಗೆ ದೇವ್ರ ವಿಷಯಾನೂ ಗೊತ್ತಿಲ್ಲ, ಮದ್ದಿನ ವಿಷಯಾನೂ ಗೊತ್ತಿಲ್ಲ.”

ಎಲ್ಲರೂ ನಕ್ಕರು. ಡಾಕ್ಟರ್ ನಗಲಿಲ್ಲ. ಮಾತ್ರೆಯೂ ಶುಗರ್ ಇಳಿಸುತ್ತದೆ, ಆ ಬಳ್ಳಿಯೂ ಇಳಿಸಬಲ್ಲದು, ಹೊಟ್ಟೆಗೆ ಬೇರೇನೂ ಬೀಳದಿದ್ದರೆ ಹೀಗೇ ಆಗುವುದು ಎಂದು ಬಿಡಿಸಿ ಹೇಳಿದರು. ಆಮೇಲೆ ನನ್ನ ಬೆನ್ನು ತಟ್ಟಿದರು. ಹಾಸ್ಟೆಲ್‌ವರೆಗೂ ಹೆಚ್ಚುಕಡಿಮೆ ಕುಣಿದುಕೊಂಡೇ ಬಂದೆ.

ಈಗ ನಿನ್ನ ವಿಷಯ. ‘ನೀನು ಹುಟ್ಟೋಕೆ ಮುಂಚಿಂದ ಕುಡೀತಿದೀನಿ, ನಂಗೇ ಪಾಠ ಹೇಳ್ತೀಯಾ’ ಅಂತ ನೀನು ಅನ್ನುವುದು ಇಲ್ಲಿಗೇ ಕೇಳಿಸುತ್ತಿದೆ. ಕುಡಿಯುತ್ತಿದ್ದೆ, ನಿಜ. ಆಗ ನೀನು ಶುಗರ್ ಮಾತ್ರೆ ನುಂಗುತ್ತಿರಲಿಲ್ಲ. ಈ ಬುಧವಾರ ಉಪವಾಸ ಬೇಡ, ಸೆರಸಿಯೂ ಬೇಡ. ಬೆಳಿಗ್ಗೆ ಜೋಳದ ಹಿಟ್ಟಿನ ಗಂಜಿ ಕುಡಿ. ಹಾಗಂತ ನನ್ನ ಮಾತು ಕೇಳಿ ಮಾತ್ರೆಯನ್ನೇ ಬಿಟ್ಟುಬಿಡಬೇಡ. ನಮ್ಮೂರ ಆಸ್ಪತ್ರೆಯ ನರ್ಸ್ ಹತ್ತಿರ ಹೋಗಿ ಕಷಾಯದ ಸಂಗತಿ ಮುಚ್ಚಿಡದೆ ಹೇಳು, ಮುಂದಿನದನ್ನು ಅವರು ಹೇಳುತ್ತಾರೆ. ಏಪ್ರನ್ ಜೇಬಿನಲ್ಲಿ ಪೆಪ್ಪರ್‌ಮಿಂಟ್ ಜೊತೆ ಸ್ವಲ್ಪ ಸಕ್ಕರೆಯೂ ಇರಲಿ. ನಡುಕ ಬಂದರೆ ಬೇ ರಮ್ ಹುಡುಕಬೇಡ, ಮೊದಲು ಸಕ್ಕರೆ ಬಾಯಿಗೆ ಹಾಕಿಕೋ, ಆಮೇಲೆ ಏನಾದರೂ ತಿನ್ನು. ದೇವರು ನಿನ್ನ ಮೇಲೆ ಖಂಡಿತ ಸಿಟ್ಟಾಗುವುದಿಲ್ಲ.

ನಿನ್ನ ಕಾಲಿಗೆ ಶಕ್ತಿ ಇರಲಿ, ಬಾಯಿಗಂತೂ ಇದ್ದೇ ಇದೆ. ನನ್ನ ತಲೆ ಮೇಲೆ ಕೈಯಿಟ್ಟು ಹರಸು.

ನಿನ್ನ,
ಡೆಲ್ರೋಸ್

ಮರುಬರಹ: ಶನಿವಾರದಿಂದ ಬರೆದು ಹರಿದ ಕಾಗದಗಳೆಲ್ಲ ಇಲ್ಲಿಗೇ ನಿಂತವು. ಓದುತ್ತ ಓದುತ್ತ ನಿನಗೆ ತಾತನ ನೆನಪು ಬಂದಿರುತ್ತದೆ. ಅವರೂ ಶುಗರ್ ಮಾತ್ರೆ ನುಂಗುತ್ತಿದ್ದರು. ಅವರು ಹೋದದ್ದೂ ಉಪವಾಸದ ಬುಧವಾರವೇ. ಬೆವರು ಬಂದಾಗ ಮನೆಮಂದಿಯೆಲ್ಲ ಗ್ಯಾಸ್ ಎಂದೆವು. ಅವರ ಲೋಟಕ್ಕೆ ಕಷಾಯ ಬಗ್ಗಿಸಿಕೊಟ್ಟವಳು ನೀನು. ಯಾರೆಂದು ಹೇಳದೆ ಡಾಕ್ಟರ್ ಹಿಲ್ಟನ್‌ರನ್ನು ಕೇಳಿದೆ. ಹೃದಯದಿಂದಲೂ ಹಾಗಾಗಿರಬಹುದು, ಈಗ ಯಾರೂ ಹೇಳಲಾರರು ಎಂದರು. ಅವರು ಹೇಳಿದ್ದು ಅಷ್ಟೇ. ಸಮಾಧಾನಕ್ಕೆ ನಾನು ಏನೂ ಸೇರಿಸಿಲ್ಲ. ಬರೆದರೆ ನೀನು ನೊಂದುಕೊಳ್ಳುತ್ತೀಯ, ಬರೆಯದಿದ್ದರೆ ನಾಡಿದ್ದು ಮತ್ತೆ ಕುಡಿಯುತ್ತೀಯ. ನನಗೆ ನೀನು ಬೇಕು ಅಜ್ಜಿ, ಅದಕ್ಕೇ ಬರೆದೆ. ಮುಖ ನೋಡಿಕೊಂಡು ಹೇಳಲು ಆಗುತ್ತಿರಲಿಲ್ಲ. ಸಿಟ್ಟಿನಲ್ಲಿ ಬೇಲಿಯ ಬಳ್ಳಿ ಕಿತ್ತುಹಾಕಬೇಡ, ತಾತ ಕಟ್ಟಿದ ಬೇಲಿ ಅದು. ನಾಳೆ ಸಂಜೆಯ ಬಸ್ಸಿಗೆ ಬರುತ್ತಿದ್ದೇನೆ. ಬುಧವಾರ ಬೆಳಿಗ್ಗೆ ಒಲೆ ಹಚ್ಚುವವಳು ನಾನು. ನೀನು ಸುಮ್ಮನೆ ಕೂತಿರು.