ಮೀನಿನ ಶಂಖ

ಮುದ್ದು ಮಾರ್ವೆಟ್,

ನಿನ್ನಮ್ಮ ಹೇಗೆ ಹೋದಳೆಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ಚಂಡಮಾರುತದ ಸುದ್ದಿ ಪಟ್ಟಣದ ಕಚೇರಿಯಿಂದ ನಮ್ಮ ದ್ವೀಪಕ್ಕೆ ಬರುವಷ್ಟರಲ್ಲಿ ಗಾಳಿ ಆಗಲೇ ಎದ್ದಿತ್ತು. ಎಲ್ಲರನ್ನೂ ಗುಡ್ಡ ಹತ್ತಿಸಬೇಕಿತ್ತು. ನನ್ನ ಕೈಗೆ ಸಿಕ್ಕಿದ್ದು ಶಂಖ. ದಡದಲ್ಲಿ ನಿಂತು ಊದಿದೆ. ದಿನವೂ ಮೀನು ಬಂತೆಂದು ಊದುವ ಶಂಖವದು. ಜನ ಬೋಗುಣಿ ಹಿಡಿದು, ನಗುತ್ತಾ ಕಡಲಿಗೇ ಇಳಿದು ಬಂದರು.

"ಈ ಗಾಳೀಲಿ ಯಾವ ಮೀನೋ ಅಣ್ಣಾ, ಹಾರೋ ಮೀನಾ?" ಅಂದಳು ನಿನ್ನಮ್ಮ.

"ಗುಡ್ಡಕ್ಕೆ ಓಡೇ!" ಅಂದೆ. ಅಷ್ಟರಲ್ಲಿ ಅಲೆ ಬಂದು ನನ್ನನ್ನು ಕಡಲದ್ರಾಕ್ಷಿ ಮರಕ್ಕೆ ಒರಗಿಸಿ, ಹನ್ನೊಂದು ಜನರನ್ನು ಕರೆದೊಯ್ದಿತು.

ಅವಳ ನೀಲಿ ಬೋಗುಣಿ ಈಗಲೂ ಕನಸಿನಲ್ಲಿ ಬೆಳದಿಂಗಳು ತುಂಬಿಕೊಂಡು ತೇಲಿಬರುತ್ತದೆ.

ಬರುವಾಗ ದೊಡ್ಡದೊಂದು ಗಂಟೆ ತಾ. ಗುಡ್ಡದ ತುದಿಯಲ್ಲೇ ಕಟ್ಟೋಣ. ನಮ್ಮವರು ಶಬ್ದ ಬಂದ ಕಡೆಗೇ ಓಡುತ್ತಾರೆ.

ನಿನ್ನ ಮಾವ,
ಥಿಯೋಫಿಲ್